ಅರ್ಬಾಬರ ಚಕಮಕಿ ಕೋವಿ

ಕೋವಿಗೂ ನನಗೂ ಇದ್ದ ಏಕೈಕ ಸಂಬಂಧವೆಂದರೆ ದೀಪಾವಳಿಯ ಕೇಪಿನ ಪಿಸ್ತೂಲು. ಅದನ್ನೂ ನಾನು ತಂಗಿಯ ಕೈಗೆ ಕೊಟ್ಟು, ಎರಡೂ ಕಿವಿ ಮುಚ್ಚಿಕೊಂಡು, ನೀರಿನ ತೊಟ್ಟಿಯ ಹಿಂದೆ ಕುಕ್ಕರುಗಾಲಲ್ಲಿ ಕೂತು ಆನಂದಿಸುತ್ತಿದ್ದೆ. ಇಂಥ ವೀರನನ್ನು ಅಬುಧಾಬಿಯ ಒಂದು ಕಂಪನಿ ಬೇಟೆಯ ಬಂದೂಕಿನ ತಜ್ಞನನ್ನಾಗಿ ಮಾಡಿತು ಎಂದರೆ ನೀವು ನಂಬಲಿಕ್ಕಿಲ್ಲ. ಕೊಲ್ಲಿಯಲ್ಲಿ ನಾಲ್ಕು ವರ್ಷ ಕಳೆದವರು ಮಾತ್ರ ಹುಬ್ಬು ಕೂಡ ಏರಿಸದೆ ನಂಬುತ್ತಾರೆ. ಇಲ್ಲಿ ತಜ್ಞನಾಗಲು ಜ್ಞಾನ ಬೇಕಿಲ್ಲ, ಮೇಲಿನವರ ಬೆರಳು ನಮ್ಮ ಕಡೆ ತಿರುಗಿದರೆ ಸಾಕು.

ನಮ್ಮದು ಪಂಪು, ಪೈಪು, ವಾಲ್ವು ಮಾರುವ ಕಂಪನಿ. ನಾನು ಅದರ ಖರೀದಿ ವಿಭಾಗದಲ್ಲಿದ್ದೇನೆ. ಒಂದು ವಸ್ತು ಬೇಕೆಂದರೆ ಮೂರು ಕಡೆಯಿಂದ ಕೊಟೇಶನ್ ತರಿಸಿ, ಕೋಷ್ಟಕ ಹಾಕಿ, ಯಾವುದು ಉತ್ತಮವೆಂದು ಬರೆಯುವುದು ನನ್ನ ಕಸುಬು. ಯಜಮಾನರು ಅಬು ಸುಹೈಲ್. ಅರವತ್ತು ದಾಟಿದ, ಮಿತಮಾತಿನ ಎಮಿರಾತಿ. ಇಲ್ಲಿಯ ರೂಢಿಯಂತೆ ನಾವೆಲ್ಲ ಅವರನ್ನು ಅರ್ಬಾಬ್ ಎನ್ನುತ್ತೇವೆ. ಅರ್ಬಾಬ್ ಎಂದರೆ ಧಣಿ. ಅವರಿಗೂ ನಮಗೂ ನಡುವೆ ಸೇತುವೆಯಂತಿರುವವರು ಮ್ಯಾನೇಜರ್ ಶೆಟ್ಟರು, ಉಡುಪಿಯ ಕಡೆಯವರು. ಸೇತುವೆ ಎಂದದ್ದು ಸುಮ್ಮನೆ ಅಲ್ಲ. ಮೇಲಿನಿಂದ ಬಂದ ಭಾರವನ್ನೆಲ್ಲ ಅವರು ಗುಲಗಂಜಿಯಷ್ಟೂ ತಮ್ಮಲ್ಲಿ ಇಟ್ಟುಕೊಳ್ಳದೆ ನೇರ ಕೆಳಗಿನವರಿಗೆ ದಾಟಿಸುತ್ತಾರೆ.

"ಮೂರ್ತಿಯವ್ರೇ, ಅರ್ಬಾಬ್‌ಗೆ ಒಂದು ಕೋವಿ ಬೇಕಂತೆ. ಮೂರು ಕೊಟೇಶನ್ ತರಿಸಿ" ಎಂದರು ಒಂದು ಬೆಳಿಗ್ಗೆ, ಮೂರು ಇಂಚಿನ ಗೇಟ್ ವಾಲ್ವ್ ಬೇಕೆಂಬ ಧಾಟಿಯಲ್ಲೇ.

"ಕೋವಿಯಾ ಸಾರ್?"

"ಹೌದು ಮಾರಾಯ್ರೆ. ಅದೂ ಕಲ್ಲು ಉಜ್ಜಿ ಬೆಂಕಿ ಬರುವಂಥದ್ದು. ಹಳೇದಲ್ಲ, ಹೊಸ ಫ್ಯಾಕ್ಟರೀದು. ನನ್ನತ್ರ ಕೇಳ್ಬೇಡಿ, ನಂಗೇನೂ ಗೊತ್ತಿಲ್ಲ."

ಆಮೇಲೆ ತಿಳಿದ ಸಂಗತಿ ಇಷ್ಟು. ಈ ದೇಶದಲ್ಲಿ ಬೇಟೆ ನಿಷಿದ್ಧ, ಮರಳುಗಾಡಿನ ಒಂದು ಮೊಲವನ್ನೂ ಮುಟ್ಟುವಂತಿಲ್ಲ. ಆದರೆ ಅರ್ಬಾಬರಿಗೆ ಅಮೆರಿಕದಲ್ಲಿ ಒಬ್ಬ ಹಳೆಯ ಗೆಳೆಯರಿದ್ದಾರೆ. ಅವರ ರಾಜ್ಯದಲ್ಲಿ ಚಳಿಗಾಲದ ಕೆಲವು ದಿನ ಚಕಮಕಿ ಕೋವಿ ಹಿಡಿದವರಿಗಷ್ಟೇ ಜಿಂಕೆಯ ಬೇಟೆಗೆ ಅನುಮತಿಯಂತೆ. ಗೆಳೆಯ ಕರೆದಿದ್ದಾರೆ, ಅರ್ಬಾಬ್ ಒಪ್ಪಿದ್ದಾರೆ. ಸೆಪ್ಟೆಂಬರಿನಲ್ಲಿ ಅಬುಧಾಬಿಯಲ್ಲಿ ನಡೆಯುವ ಬೇಟೆ ಸಾಮಾನುಗಳ ಪ್ರದರ್ಶನದಲ್ಲಿ ಕೋವಿಯನ್ನು ಆರಿಸಿ ಹೇಳಿಬಿಟ್ಟರೆ, ಅದು ಅಮೆರಿಕದಲ್ಲೇ ಪರವಾನಗಿಯುಳ್ಳ ಅಂಗಡಿಯಲ್ಲಿ ಕೈಗೆ ಬರುತ್ತದೆ. ನಡುವಿನ ಸಣ್ಣ ಕೆಲಸ, ಅಂದರೆ ಯಾವ ಕೋವಿ ಎಂದು ಆರಿಸುವುದು, ಈರುಳ್ಳಿ ಬೆಳ್ಳುಳ್ಳಿ ಕೂಡ ತಿನ್ನದ ಮನೆಯಿಂದ ಬಂದ ನನ್ನ ಪಾಲಿಗೆ.

ಅಂದು ಸಂಜೆ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಫ್ಲಾಟಿನಲ್ಲಿ ಸುದ್ದಿ ಹೇಳಿದೆ. ಹತ್ತನೆಯ ತರಗತಿಯ ಮಗಳು ಮೊಬೈಲಿನಿಂದ ತಲೆಯೆತ್ತದೆ, "ಅಪ್ಪಾ, ದಟ್ಸ್ ಸೋ ರ‍್ಯಾಂಡಮ್" ಎಂದಳು. ಹೆಂಡತಿ ವಸುಧಾ ಮಾತ್ರ ಗಂಭೀರವಾಗಿ ಕೇಳಿಸಿಕೊಂಡು, "ಮೊದಲು ಅಡುಗೆಮನೆ ಲೈಟರ್ ಒಂದು ಸರಿಯಾಗಿರೋದು ಆರಿಸಿ ತನ್ನಿ. ಎರಡು ತಿಂಗಳಿಂದ ಹೇಳ್ತಿದೀನಿ" ಎಂದಳು. ಕಿಡಿಯ ವಿಷಯದಲ್ಲಿ ನನ್ನ ಪೂರ್ವಾನುಭವ ಇಷ್ಟೇ.

ಆದರೂ ಓದಿದೆ. ಓದುತ್ತ ಹೋದಂತೆ ನನಗೆ ಈ ಆಧುನಿಕ ಚಕಮಕಿ ಕೋವಿಯ ಮೇಲೆ ಒಂದು ಬಗೆಯ ಭಕ್ತಿಯೇ ಹುಟ್ಟಿತು. ಎಂಥ ಅದ್ಭುತ ವಸ್ತು ನೋಡಿ! ನಮ್ಮ ಮುತ್ತಾತಂದಿರು ಬೇರೆ ದಾರಿಯಿಲ್ಲದೆ ಪಟ್ಟ ಕಷ್ಟವನ್ನು ಕಂಪ್ಯೂಟರ್ ನಡೆಸುವ ಯಂತ್ರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಬಾರದಂತೆ ತಯಾರಿಸಿ, ವಾರಂಟಿ ಸಹಿತ ಮಾರುತ್ತಾರೆ. ದುಬೈಯಲ್ಲಿ ಮನೆಯೊಳಗೆ ತಂಗಾಳಿ ಇಳಿಸುತ್ತಿದ್ದ ಹಳೆಯ ಕಾಲದ ಗಾಳಿಗೋಪುರಗಳನ್ನು ಕಾಂಕ್ರೀಟಿನಲ್ಲಿ ಕಟ್ಟಿ, ಒಳಗೆ ಹವಾನಿಯಂತ್ರಣದ ಕೊಳವೆ ಹಾಯಿಸಿದ ಹೋಟೆಲುಗಳಿವೆಯಲ್ಲ, ಅದೇ ಜಾತಿ. ಕಷ್ಟವೆಂಬುದು ತೀರಿಹೋದ ಮೇಲೆ ಮನುಷ್ಯನಿಗೆ ಅದರ ಮಾದರಿಯೊಂದು ಮನೆಯಲ್ಲಿರಲಿ ಅನ್ನಿಸುತ್ತದೆ.

ಅದು ಕೆಲಸ ಮಾಡುವ ಕ್ರಮವಂತೂ ನಮ್ಮ ವೀಸಾದ ಕಾಗದ ಮೇಜಿನಿಂದ ಮೇಜಿಗೆ ಚಲಿಸುವ ಕ್ರಮವೇ. ಕೋವಿಯ ಬಲಮಗ್ಗುಲಿಗೆ ಕುದುರೆ ಎಂಬ ಕೊಕ್ಕೆಯಿದೆ. ಅದರ ಬಾಯಲ್ಲಿ ಚಕಮಕಿ ಕಲ್ಲು. ಬಿಲ್ಲನ್ನು, ಅಂದರೆ ಟ್ರಿಗರನ್ನು, ಎಳೆದರೆ ಕುದುರೆ ಮುಂದಕ್ಕೆ ಹಾರಿ, ಕಲ್ಲು ಒಂದು ಉಕ್ಕಿನ ತಗಡಿಗೆ ಉಜ್ಜುತ್ತದೆ. ಕಿಡಿ ಕೆಳಗಿನ ಪುಟ್ಟ ಬಟ್ಟಲಿಗೆ ಬೀಳುತ್ತದೆ. ಬಟ್ಟಲಲ್ಲಿರುವ ಚಿಟಿಕೆ ಮದ್ದು ಭಗ್ಗೆನ್ನುತ್ತದೆ. ಆ ಬೆಂಕಿ ಒಂದು ಸೂಜಿತೂತಿನಲ್ಲಿ ನುಸುಳಿ ನಳಿಗೆಯೊಳಗಿನ ದೊಡ್ಡ ಮದ್ದನ್ನು ತಲುಪುತ್ತದೆ. ಆಗ ಢಂ. ಈ ಮೇಜುಗಳಲ್ಲಿ ಯಾವುದೊಂದು ಮುನಿಸಿಕೊಂಡರೂ ಢಂ ಇಲ್ಲ. ಬಟ್ಟಲಲ್ಲಿ ಬೆಂಕಿ, ನಳಿಗೆಯಲ್ಲಿ ಮೌನ. ಎಲ್ಲವೂ ಸರಿಯಾದರೂ ಎಳೆದದ್ದಕ್ಕೂ ಸಿಡಿದದ್ದಕ್ಕೂ ನಡುವೆ ಒಂದು ಕ್ಷಣದ ಬಿಡುವು. ಅಷ್ಟರಲ್ಲಿ ಬೇಟೆಗಾರ ಅಲುಗಾಡಬಾರದು. ಜಿಂಕೆಯೂ ಅಲುಗಾಡಬಾರದು, ಆದರೆ ಅದಕ್ಕೆ ಸೂಚನಾಪತ್ರ ಕಳಿಸುವ ವ್ಯವಸ್ಥೆ ಇಲ್ಲ.

ಮೂರು ಕೋವಿಗಳ ವಿವರ ತರಿಸಿದೆ. ಮೊದಲನೆಯದು ಅಕ್ರೋಟ್ ಮರದ ಹಿಡಿ, ಹಿತ್ತಾಳೆಯ ಅಲಂಕಾರ, ಉದ್ದನೆಯ ನಳಿಗೆ. ನೋಡಿದರೆ ಆರತಿ ಎತ್ತಬೇಕು ಅನ್ನಿಸುವಂಥದ್ದು. ಎರಡನೆಯದು ಕಪ್ಪು ಪ್ಲಾಸ್ಟಿಕ್ ಹಿಡಿ, ತುಕ್ಕು ಹಿಡಿಯದ ಗಿಡ್ಡ ನಳಿಗೆ, ಗುರಿ ಹಿಡಿಯಲು ಹೊಳೆಯುವ ಹಸಿರು ಚುಕ್ಕಿ. ಅಜ್ಜನಿಗೆ ಜೀನ್ಸ್ ತೊಡಿಸಿದ ಹಾಗೆ. ಮೂರನೆಯದನ್ನು ಪರಿಶೀಲನೆಯ ಮೊದಲ ಹಂತದಲ್ಲೇ ಅನರ್ಹವೆಂದು ತಳ್ಳಿಹಾಕಿದೆ. ಉಳಿದೆರಡರ ಬಗ್ಗೆ, ನಳಿಗೆಯ ಒಳಗಿನ ಸುರುಳಿ ಗೀರು ನಿಧಾನವಾಗಿ ತಿರುಗಿದ್ದರೆ ದುಂಡನೆಯ ಸೀಸದ ಗುಂಡಿಗೆ ಒಳ್ಳೆಯದು, ಬೇಗ ತಿರುಗಿದ್ದರೆ ಉದ್ದನೆಯ ಗುಂಡಿಗೆ ಎಂದು ಅರ್ಧ ಪುಟ ಬರೆದೆ. ಮದ್ದು ನಿಜವಾದ ಕರಿಮದ್ದೇ ಆಗಬೇಕು, ಬದಲಿ ಮದ್ದಿಗೆ ಈ ಕಿಡಿ ಸುಲಭಕ್ಕೆ ತಗಲುವುದಿಲ್ಲ ಎಂದು ಇನ್ನರ್ಧ. ಬಟ್ಟಲಿನ ಬೆಂಕಿ ಬಲಕ್ಕೆ ಸಿಡಿಯುವುದರಿಂದ ಬೇಟೆಗಾರನ ಮುಖಕ್ಕೆ ಅಪಾಯವಿಲ್ಲ ಎಂದು ನಾಲ್ಕನೆಯ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದೆ. ಒಟ್ಟು ಒಂಬತ್ತು ಪುಟ. ಅಕ್ರೋಟ್ ಮರದ್ದೇ ಮೊದಲನೆಯ ಸ್ಥಾನ.

ಸಲ್ಲಿಸುವ ಮೊದಲು ಒಬ್ಬ ಬಲ್ಲವರಿಗೆ ತೋರಿಸೋಣವೆಂದು ಶನಿವಾರ ಬಸ್ಸು ಹಿಡಿದು ದುಬೈಗೆ ಹೋದೆ. ದೇರಾದ ನಮ್ಮ ಗೋದಾಮಿನ ಮೇಲ್ವಿಚಾರಕ ಬೋಪಣ್ಣ ಕೊಡಗಿನವರು. ಅಲ್ ಮುರಕ್ಕಬಾತ್‌ನ ಒಂದು ಹೋಟೆಲಿನಲ್ಲಿ ಕೂತು ಅವರು ಒಂಬತ್ತೂ ಪುಟ ತಿರುವಿದರು. ನಡುವೆ ಎರಡು ಸಲ ಕೆಮ್ಮಿದರು. ನಗು ತಡೆದದ್ದಿರಬೇಕು.

"ನಾವು ಕೋವಿಗೆ ಪೂಜೆ ಮಾಡ್ತೇವೆ ಮೂರ್ತಿ. ನೀವು ಎಕ್ಸೆಲ್ ಮಾಡಿದ್ದೀರಿ" ಎಂದರು. "ಎಲ್ಲ ಸರಿಯಾಗೇ ಉಂಟು. ಕಿಡಿ ಚೆನ್ನಾಗಿ ಬರ್ತದಾ ಅಂತ ಮಾತ್ರ ಅಲ್ಲೇ ನೋಡಿ ತಗೊಳ್ಳಿ. ಆಮೇಲೆ, ಅವ್ರು ಕೋವಿ ಹಿಡಿಯೋದನ್ನ ನೀವು ನೋಡಿದ್ದೀರಾ?"

"ಇಲ್ಲ."

"ಭುಜ ಎಷ್ಟಗಲ, ಕೈ ಎಷ್ಟುದ್ದ, ಏನಾದ್ರೂ ಗೊತ್ತುಂಟಾ?"

"ಅದಕ್ಕೆ ಫಾರಂನಲ್ಲಿ ಕಾಲಂ ಇಲ್ಲವಲ್ಲ" ಎಂದೆ.

ಬೋಪಣ್ಣ ಈ ಸಲ ಕೆಮ್ಮಲಿಲ್ಲ. ಬಾಯಿಬಿಟ್ಟೇ ನಕ್ಕರು.

ವರದಿ ಸಲ್ಲಿಸಿದ ದಿನ ಶೆಟ್ಟರು ನನ್ನನ್ನು ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. "ನೋಡಿ, ಪರ್ಚೇಸ್‌ನಲ್ಲಿ ನೀವು ಮೂರು ಜನ ಇದ್ದೀರಿ. ಇನ್ನು ಇಬ್ರು ಸಾಕು ಅಂತ ಮಾತು ನಡೀತಾ ಉಂಟು. ನಿಮ್ಮ ವೀಸಾ ರಿನ್ಯೂವಲ್ ಕಾಗದ ಅರ್ಬಾಬ್ ಮೇಜಿನ ಮೇಲೇ ಉಂಟು, ಸೈನ್ ಆಗ್ಲಿಲ್ಲ. ಅರ್ಬಾಬ್‌ಗೆ ನಿಮ್ಮ ರಿಪೋರ್ಟ್ ಖುಷಿ ಆಗಿದೆ. ಪ್ರದರ್ಶನದಲ್ಲಿ ನೀವೂ ಇರ್ಬೇಕಂತೆ. ಕೋವಿ ತೋರ್ಸಿ, ನಕ್ಕು, ಸುಮ್ನಿರಿ. ಅಷ್ಟೇ ಕೆಲ್ಸ."

ಮಗಳ ಬೋರ್ಡ್ ಪರೀಕ್ಷೆಗೆ ಆರು ತಿಂಗಳಿತ್ತು. ನಗುವುದು, ಸುಮ್ಮನಿರುವುದು ಎರಡರಲ್ಲೂ ನನಗೆ ಹದಿನಾಲ್ಕು ವರ್ಷದ ಅನುಭವವಿತ್ತು. ಒಪ್ಪಿಕೊಂಡೆ.

ಪ್ರದರ್ಶನವೆಂದರೆ ಅದೊಂದು ಲೋಕ. ಗಿಡುಗಗಳಿಗೆ ಕೂರಲು ಪೀಠ, ತಲೆಗೆ ಕಸೂತಿ ಹಾಕಿದ ಚರ್ಮದ ಟೋಪಿ. ನಮ್ಮ ಮದುವೆಗಳಲ್ಲಿ ಮದುಮಗನಿಗೂ ಅಷ್ಟು ಚೆಂದದ ಪೇಟ ಸಿಗುವುದಿಲ್ಲ. ನಾವು ಹೋದ ಕೋವಿ ಅಂಗಡಿಯಲ್ಲಿದ್ದವರು ಯುರೋಪಿನ ಯಾವುದೋ ಬೆಟ್ಟದೂರಿನ ಬಿಳಿಮೀಸೆಯ ವೃದ್ಧರು. ಅಕ್ರೋಟ್ ಮರದ ಕೋವಿ ಚಿತ್ರಕ್ಕಿಂತಲೂ ಚೆನ್ನಾಗಿತ್ತು. ಅರ್ಬಾಬ್ ಹಿಡಿಯ ಮೇಲೆ ಕೈಯಾಡಿಸಿದರು. ಅವರ ಗೆಳೆಯರು ನಾಲ್ಕೈದು ಮಂದಿ ಸುತ್ತ ನಿಂತು ತಲೆದೂಗಿದರು. ಅರ್ಬಾಬ್ ನನ್ನ ಕಡೆ ತಿರುಗಿ, ತಮ್ಮ ಅರಬಿ ಬೆರೆತ ಹಿಂದಿಯಲ್ಲಿ, "ಮೂರ್ತಿ, ಜೈನ್, ಬಹುತ್ ಜೈನ್", ಅಂದರೆ ಬಹಳ ಚೆನ್ನ, ಎಂದರು. ಇಷ್ಟು ವರ್ಷಗಳಲ್ಲಿ ಅವರು ನನ್ನನ್ನು ಹೆಸರು ಹಿಡಿದು ಹೊಗಳಿದ್ದು ಅದೇ ಮೊದಲು. ಶೆಟ್ಟರು ನಾನು ತಾವೇ ಹೆತ್ತ ಮಗನೆಂಬಂತೆ ಬೀಗಿದರು. ವೃದ್ಧರು ಕಾಗದಪತ್ರ ತುಂಬಲು ಮೇಜಿನ ಕಡೆ ತಿರುಗಿದರು.

ಆಗ ಅರ್ಬಾಬ್ ಕೋವಿಯನ್ನು ಎತ್ತಿ ಗುರಿ ಹಿಡಿದರು. ಎಡಭುಜಕ್ಕೆ.

ನಾನು ಮೊದಲು ಏನೂ ಅಂದುಕೊಳ್ಳಲಿಲ್ಲ. ಆಮೇಲೆ ನೋಡಿದೆ: ಅವರ ಎಡಗೆನ್ನೆ ಹಿಡಿಯ ಬಲಮಗ್ಗುಲಿಗೆ ಒತ್ತಿಕೊಂಡಿತ್ತು. ಕುದುರೆ, ಕಲ್ಲು, ಬಟ್ಟಲು, ಸೂಜಿತೂತು ಎಲ್ಲವೂ ಅದೇ ಮಗ್ಗುಲಲ್ಲಿ, ಅವರ ಮೂಗಿನಿಂದ ಒಂದು ಗೇಣು ಮುಂದೆ. ಬಂದೂಕು ಅವರಿಗೆ ಹೊಸದಲ್ಲ. ಆದರೆ ಇಷ್ಟು ವರ್ಷ ಅವರು ಬಳಸಿದ್ದರಲ್ಲಿ ಬೆಂಕಿ ಒಳಗೇ ಇರುತ್ತಿತ್ತು, ಯಾವ ಭುಜವಾದರೂ ನಡೆಯುತ್ತಿತ್ತು. ಇದರಲ್ಲಿ ಬೆಂಕಿ ಹೊರಗೆ. ಮುಖಕ್ಕೆ ಅಪಾಯವಿಲ್ಲವೆಂದು ನಾನು ದಪ್ಪಕ್ಷರದಲ್ಲಿ ಬರೆದ ಬೆಂಕಿ ನೇರವಾಗಿ ಆ ಮುಖದ ಮುಂದೆಯೇ ಏಳುವುದಿತ್ತು.

"ಶೆಟ್ರೇ, ಇದು ಅವರಿಗೆ ಆಗಲ್ಲ" ಎಂದೆ ಮೆಲ್ಲಗೆ.

"ಸುಮ್ನಿರಿ ಮಾರಾಯ್ರೆ" ಎಂದು ಶೆಟ್ಟರು ನನ್ನ ಮೊಣಕೈ ಚಿವುಟಿದರು. "ಎಲ್ಲ ಆಗಿದೆ ಈಗ. ಖಲಾಸ್."

ಸುಮ್ಮನಿರಬಹುದಿತ್ತು. ವರದಿ ಒಪ್ಪಿಗೆಯಾಗಿತ್ತು, ಹೊಗಳಿಕೆ ಸಿಕ್ಕಿತ್ತು, ನನ್ನ ಕಾಗದಕ್ಕೆ ಬೀಳಬೇಕಾದ ಸಹಿ ಎರಡು ಅಡಿ ದೂರದಲ್ಲಿ ಬಿಳಿಯ ಕಂದೂರ ನಿಲುವಂಗಿ ತೊಟ್ಟು ನಗುತ್ತ ನಿಂತಿತ್ತು. ಅಮೆರಿಕದ ಹಿಮದಲ್ಲಿ ಯಾರ ಕಣ್ಣಿಗೆ ಏನಾದರೂ ಅದಕ್ಕೆ ಕಂಪನಿಯ ಖರೀದಿ ವಿಭಾಗ ಹೊಣೆಯಲ್ಲವೆಂದು ಒಂಬತ್ತನೆಯ ಪುಟದ ಕೆಳಗೆ ಸಣ್ಣಕ್ಷರದಲ್ಲಿ ನಾನೇ ಬರೆದಿದ್ದೆ. ಆದರೆ ಗಂಟಲು ಕೇಳಲಿಲ್ಲ.

"ಅರ್ಬಾಬ್, ಯೇ ಆಪ್ ಕೇ ಲಿಯೇ ನಹೀ" ಎಂದೆ. ನಿರೀಕ್ಷೆಗಿಂತ ಜೋರಾಗಿಯೇ ಬಂತು.

ಎಲ್ಲರೂ ತಿರುಗಿದರು. ಅರ್ಬಾಬ್ ಕೋವಿ ಇಳಿಸಿದರು. "ಕ್ಯೋಂ? ತುಮ್ ಲಿಖಾ ನಾ, ನಂಬರ್ ಒನ್?"

"ಲಿಖಾ. ಗಲತ್ ಲಿಖಾ" ಎಂದೆ. ಆಮೇಲೆ ನನಗೆ ಬರುವ ಮೂರೂವರೆ ಭಾಷೆಗಳನ್ನು ಕಲಸಿ, ಇದು ಬಲಗೈಯವರ ಕೋವಿ, ನೀವು ಎಡಗೈಯವರು ಎಂದು ವಿವರಿಸಿದೆ.

ಅವರ ಮುಖ ಬಿಗಿಯಿತು. "ಮೈ ಸೀದಾ ಹಾತ್ ವಾಲಾ" ಎಂದರು. ಬಲಗೈ ಎತ್ತಿ ಗಾಳಿಯಲ್ಲಿ ಸಹಿ ಹಾಕಿ ತೋರಿಸಿದರು. ಗೆಳೆಯರಲ್ಲೊಬ್ಬರು ನಕ್ಕರು. ಶೆಟ್ಟರು ಕಣ್ಣು ಮುಚ್ಚಿಕೊಂಡರು.

ಆ ಉತ್ತರದ ಧ್ವನಿ ನನಗೆ ಚೆನ್ನಾಗಿ ಗೊತ್ತಿತ್ತು. ಹೆಣ್ಣು ನೋಡಲು ಹೋದ ದಿನ ವಸುಧಾ ಬಲಗೈಯಲ್ಲಿ ಕಾಫಿ ಕೊಡಲು ಬಂದು, ಲೋಟ ನಡುಗಿ, ಅರ್ಧ ಕಾಫಿ ನಮ್ಮಪ್ಪನ ಪಂಚೆಯ ಮೇಲಾಯಿತು. ಪಾಪ, ನಾಚಿಕೆ ಎಂದು ನಾನು ಕರಗಿಹೋದೆ. ಮದುವೆಯಾದ ಮೂರನೆಯ ದಿನ ಅಡುಗೆಮನೆಗೆ ಹೋದರೆ, ಆಕೆ ಎಡಗೈಯಲ್ಲಿ ಚಾಕು ಹಿಡಿದು ಬೀನ್ಸನ್ನು ಯಂತ್ರದಂತೆ ಹೆಚ್ಚುತ್ತಿದ್ದಳು. "ನೀನು ಎಡಚಿಯಾ?" ಎಂದರೆ, "ನಾನಾ? ಇಲ್ಲಪ್ಪ. ನಂದು ಬಲಗೈಯೇ" ಎಂದು ತಟ್ಟನೆ ಚಾಕುವನ್ನು ಆ ಕೈಗೆ ದಾಟಿಸಿದ್ದಳು. ಚಿಕ್ಕಂದಿನಲ್ಲಿ ಎಡಗೈ ಚಾಚಿದಾಗೆಲ್ಲ ಬಿದ್ದ ಏಟುಗಳನ್ನು ಅವಳು ಹೇಳಿದ್ದು ಎಷ್ಟೋ ಕಾಲದ ಮೇಲೆ. ಇಂಥವಳೊಡನೆ ಹದಿನೇಳು ವರ್ಷ ಬಾಳಿ, ಎಡಗೈ ಎಂಬ ಒಂದು ಶಬ್ದವಿಲ್ಲದೆ ನಾನು ಒಂಬತ್ತು ಪುಟ ಬರೆದಿದ್ದೆ. ತಜ್ಞತೆ ಎಂದರೆ ಇದೇ ಇರಬೇಕು.

ವಾದ ಮಾಡಿ ಪ್ರಯೋಜನವಿಲ್ಲವೆಂದು ತಿಳಿಯಿತು. ಬಿಳಿಮೀಸೆಯ ವೃದ್ಧರ ಬಳಿ ಹೋಗಿ, ಮದ್ದಿಲ್ಲದೆ ಬರೀ ಕಿಡಿ ತೋರಿಸಲಾಗುತ್ತದೆಯೇ ಎಂದು ಕೇಳಿದೆ. ಅವರಿಗೆ ವಿಷಯ ಅರ್ಥವಾದದ್ದೇ ತಡ, ಹಣೆ ಚಚ್ಚಿಕೊಂಡು ಎದ್ದುಬಂದರು. ನಳಿಗೆ ಖಾಲಿಯೆಂದು ಎರಡು ಸಲ ನೋಡಿದರು. ನನ್ನ ವರದಿಯ ಕೊನೆಯ ಹಾಳೆಯ ಬಿಳಿಯ ಬೆನ್ನನ್ನು ಅರ್ಬಾಬರ ಮುಖವಿದ್ದ ಕಡೆಗಿಂತ ಸ್ವಲ್ಪ ಮುಂದೆ ಹಿಡಿಯಲು ಹೇಳಿದರು. ಆ ವರದಿ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ. ಕುದುರೆ ಹಾರಿತು. ಟಕ್ಕೆಂದು ಒಂದು ಹಿಡಿ ಕಿಡಿ ಚೆಲ್ಲಿತು. ಹಾಳೆಯ ಮೇಲೆ ಸಾಸಿವೆ ಸಿಡಿದಂತೆ ಐದಾರು ಕಪ್ಪು ಚುಕ್ಕಿ.

"ಇದು ಬರೀ ಕಲ್ಲು. ಇನ್ನು ಮದ್ದು ಸೇರಿದರೆ..." ಎಂದು ವೃದ್ಧರು ತಮ್ಮ ಕಣ್ಣಿನ ಮುಂದೆ ಬೆರಳುಗಳನ್ನು ಫಕ್ಕನೆ ಅರಳಿಸಿ ತೋರಿಸಿದರು.

ಅರ್ಬಾಬ್ ಹಾಳೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. ಕೊನೆಗೆ ಅವರು ಗೆಳೆಯರಿಗಲ್ಲ, ನನಗೆ ಹೇಳಿದರು, ಹಿಂದಿಯಲ್ಲಿ, ಮೆಲ್ಲಗೆ. ಚಿಕ್ಕಂದಿನಲ್ಲಿ ಅವರ ತಾಯಿ ಊಟದ ಹೊತ್ತಿಗೆ ತಮ್ಮ ತಲೆಯ ಕಪ್ಪು ಶೇಲಾ ವಸ್ತ್ರದ ಅಂಚಿನಿಂದ ಅವರ ಎಡಗೈಯನ್ನು ಸೊಂಟಕ್ಕೆ ಕಟ್ಟುತ್ತಿದ್ದರಂತೆ. ಸಿಟ್ಟಿನಿಂದಲ್ಲ. ನಾಲ್ಕು ಜನರ ನಡುವೆ ಮಗನಿಗೆ ಅವಮಾನವಾಗದಿರಲಿ ಎಂದು. "ಮಾ ಚಲೀ ಗಯೀ. ಹಾತ್ ಅಭೀ ತಕ್ ಬಂದ್ ಹೈ" ಎಂದು ಎಡಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಕಟ್ಟಿದವರು ಹೋಗಿದ್ದರು, ಕಟ್ಟು ಹೋಗಿರಲಿಲ್ಲ.

ಆಮೇಲೆ ಎಂದಿನ ದನಿಯಲ್ಲಿ, "ಯಲ್ಲಾ, ಚಲೋ. ಉಲ್ಟಾ ಹಾತ್ ಕಾ ಬಂದೂಕ್ ಹೈ ಕ್ಯಾ?" ಎಂದು ಕೇಳಿದರು.

ಇತ್ತು. ಅದು ನನಗೆ ಚೆನ್ನಾಗಿಯೇ ಗೊತ್ತಿತ್ತು. ನಾನು ಅನರ್ಹವೆಂದು ತಳ್ಳಿಹಾಕಿದ ಮೂರನೆಯ ಕೋವಿಯೇ ಅದು. ಕಾರಣದ ಜಾಗದಲ್ಲಿ ನಾನು ಸ್ಪಷ್ಟವಾಗಿ ಬರೆದಿದ್ದೆ: "ಕುದುರೆ ತಪ್ಪು ಮಗ್ಗುಲಿಗಿದೆ." ಸಾದಾ ಮರದ ಹಿಡಿ, ಹಿತ್ತಾಳೆಯ ಸುಳಿವಿಲ್ಲ, ಅದೂ ಆ ವೃದ್ಧರದೇ ತಯಾರಿ, ಮಾದರಿ ಕೂಡ ಅವರ ಪೆಟ್ಟಿಗೆಯ ಅಡಿಯಲ್ಲಿತ್ತು. ವೃದ್ಧರು ಅದನ್ನು ಒರೆಸಿ ಕೊಟ್ಟರು. ಅರ್ಬಾಬ್ ಭುಜಕ್ಕೆ ಹಿಡಿದರು. ಕುದುರೆ ಆಚೆ ಮಗ್ಗುಲಿಗೆ ಹೋಯಿತು, ಮುಖದ ಮುಂದೆ ಏನೂ ಇರಲಿಲ್ಲ. ಅವರು ಕೋವಿ ಇಳಿಸಲು ಸ್ವಲ್ಪ ಹೊತ್ತು ತೆಗೆದುಕೊಂಡರು.

ವಾಪಸು ಬರುವಾಗ ಕಾರಿನಲ್ಲಿ ಶೆಟ್ಟರು ಸ್ಟಿಯರಿಂಗಿಗೆ ಹೇಳಿದರು, "ಒಂಬತ್ತು ಪುಟ ಬರ್ದು, ತಾನೇ ಎಲ್ಲರ ಎದುರು ತಪ್ಪು ಅಂತ ಹೇಳಿದ ಪರ್ಚೇಸ್ ಆಫೀಸರ್‌ನ್ನ ನಾನು ಈ ದೇಶದಲ್ಲಿ ನೋಡಿರ್ಲಿಲ್ಲ. ಊರಿಗೆ ಹೋದ್ರೆ ಏನು ಮಾಡ್ತೀರಿ?" ಹನ್ನೊಂದು ದಿನ ಆ ಪ್ರಶ್ನೆಯ ಜೊತೆಗೇ ಕಳೆಯಿತು. ಹನ್ನೆರಡನೆಯ ದಿನ ನನ್ನ ಕಾಗದ ಸಹಿಯಾಗಿ ಬಂತು. ಖರೀದಿ ವಿಭಾಗದಲ್ಲಿ ಮೂವರೂ ಉಳಿದೆವು. ನಾನು ಧೈರ್ಯಸ್ಥ, ಪ್ರಾಮಾಣಿಕ ಎಂದು ಅರ್ಬಾಬ್ ಯಾರ ಬಳಿಯೂ ಹೇಳಿದ ದಾಖಲೆಯಿಲ್ಲ. ಶೆಟ್ಟರು ಮಾತ್ರ ಎಲ್ಲರಿಗೂ, "ನಾನೇ ಮೂರ್ತಿಯವ್ರನ್ನ ಚಿವುಟಿ ಎಚ್ಚರಿಸಿದ್ದು" ಎಂದು ಹೇಳಿಕೊಂಡು ತಿರುಗಿದರು. ಚಿವುಟಿದ್ದಂತೂ ನಿಜ.

ಮನೆಯಲ್ಲಿ ವಸುಧಾ ಕತೆಯನ್ನೆಲ್ಲ ಕೇಳಿ, "ಅವರಿಗಾದರೂ ಅಂಗಡೀಲಿ ಒಂದು ಸಿಕ್ತು" ಎಂದಳು. ಮರುದಿನ ಹೋಗಿ ಎಡಗೈಯವರ ಕತ್ತರಿಯೊಂದನ್ನು ಹುಡುಕಿ ತಂದೆ. ಒಂದೇ ಅಂಗಡಿ, ಕೋಷ್ಟಕವಿಲ್ಲ. ಅವಳು ಒಂದು ಹಳೆಯ ಪತ್ರಿಕೆಯನ್ನು ನೆಟ್ಟಗೆ ಕತ್ತರಿಸಿ ನೋಡಿ, ಇನ್ನೊಂದನ್ನು ತೆಗೆದುಕೊಂಡಳು. ಆ ಸಂಜೆ ಮನೆಯಲ್ಲಿ ಓದಲು ಪತ್ರಿಕೆಯೇ ಉಳಿಯಲಿಲ್ಲ.

ಜನವರಿಯ ಕೊನೆಗೆ ಅರ್ಬಾಬ್ ಅಮೆರಿಕದಿಂದ ಮರಳಿದರು. ಕಚೇರಿಗೆ ಬಂದವರೇ ನನ್ನ ಮೇಜಿನ ಎದುರಿನ ಕುರ್ಚಿ ಎಳೆದು ಕೂತರು. ಅದು ಅದುವರೆಗೆ ನಡೆಯದ ಸಂಗತಿ. ಮೊಣಕಾಲುದ್ದದ ಹಿಮದಲ್ಲಿ ಎರಡು ದಿನ ಕಾದರಂತೆ. ಮೂರನೆಯ ದಿನ ಬೆಳಿಗ್ಗೆ ಒಂದು ಗಂಡು ಜಿಂಕೆ ಬಂದು ಎದುರಿಗೇ ನಿಂತಿತು. ಬಿಲ್ಲೆಳೆದರು. ಕುದುರೆ ಹಾರಿತು, ಕಿಡಿ ಬಿತ್ತು, ಬಟ್ಟಲು ಭಗ್ಗೆಂದಿತು. ಆ ಒಂದು ಕ್ಷಣದ ಬಿಡುವಿನಲ್ಲಿ ಜಿಂಕೆ ತಲೆಯೆತ್ತಿ ಇವರನ್ನು ನೋಡಿತು, ಇವರು ಜಿಂಕೆಯನ್ನು ನೋಡಿದರು. ಢಂ ಎಂದಿತು. ಬಿಳಿಹೊಗೆ ಕರಗಿದಾಗ ಹಿಮದ ಮೇಲೆ ಗೊರಸಿನ ಗುರುತುಗಳಷ್ಟೇ ಇದ್ದವು. ಗೆಳೆಯ ಸಮಾಧಾನ ಹೇಳಲು ಓಡಿಬಂದರೆ, ಇವರು ನಗುತ್ತ ನಿಂತಿದ್ದರಂತೆ.

"ಬಹುತ್ ಸಾಲ್ ದೂಸರಾ ಹಾತ್ ಕಾ ಬಂದೂಕ್ ಸೇ ಮಾರಾ, ಮೂರ್ತಿ" ಎಂದರು. "ಪಹಲೀ ಬಾರ್ ಅಪನಾ ಹಾತ್ ಕಾ ಬಂದೂಕ್ ಸೇ ಮಿಸ್ ಕಿಯಾ." ಬೇರೆ ಕೈಯ ಗೆಲುವಿಗಿಂತ ಸ್ವಂತ ಕೈಯ ಸೋಲು ಹೆಚ್ಚು ರುಚಿಸುತ್ತದೆಂದು ನನಗೆ ಅವರ ಮುಖ ನೋಡುವವರೆಗೆ ತಿಳಿದಿರಲಿಲ್ಲ.

ನಮ್ಮಲ್ಲಿ ಒಂದು ನಿಯಮವುಂಟು. ಕೊಂಡ ವಸ್ತುವಿನ ಕಾರ್ಯನಿರ್ವಹಣೆ ಹೇಗಿತ್ತೆಂದು ಖರೀದಿ ವಿಭಾಗ ಒಂದು ಹಾಳೆ ತುಂಬಿ ಕಡತಕ್ಕೆ ಸೇರಿಸಬೇಕು. ಅರ್ಬಾಬ್ ಎದ್ದುಹೋದ ಮೇಲೆ ನಾನು ಆ ಹಾಳೆ ತೆಗೆದು, "ಅತ್ಯಂತ ತೃಪ್ತಿಕರ" ಎಂದು ಬರೆದೆ. ಜಿಂಕೆಯನ್ನು ಕೇಳಿದ್ದರೂ ಅದು ಬೇರೆ ಅಭಿಪ್ರಾಯ ಕೊಡುತ್ತಿರಲಿಲ್ಲ.